ಹೆಬ್ಬೆಟ್ಟು ತಾಳೆಯಾಗುವುದಿಲ್ಲ

ಮೋಸ ಹಿಡಿಯುವುದನ್ನು ನನಗೆ ಸಾಗರದಲ್ಲಿ ಆರು ದಿನ ಕೂರಿಸಿ ಕಲಿಸಿದರು. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಊಟ, ಎರಡು ಹೊತ್ತು ಕಾಫಿ, ಕೊನೆಯ ದಿನ ಒಂದು ಪ್ರಮಾಣಪತ್ರ. ಇಷ್ಟರಲ್ಲಿ ಮನುಷ್ಯನ ಒಳಗಿರುವುದೆಲ್ಲ ಕಾಣುವ ಕಣ್ಣು ಬಂದುಬಿಡುತ್ತದೆ ಎಂದು ಸರ್ಕಾರ ನಂಬಿತ್ತು. ನಾನೂ ನಂಬಿದ್ದೆ. ಆಗ ನನಗೆ ಇಪ್ಪತ್ತನಾಲ್ಕು ವರ್ಷ. ಆ ವಯಸ್ಸಿನಲ್ಲಿ ಉಪ್ಪಿಟ್ಟಿನ ಜೊತೆ ಏನು ಕೊಟ್ಟರೂ ಜೀರ್ಣವಾಗುತ್ತದೆ.

ಅರವತ್ತರ ದಶಕದ ಮೊದಲ ಅರ್ಧ ಅದು. ಹೊಳೆಗೆ ಅಣೆಕಟ್ಟೆ ಏಳುತ್ತಿತ್ತು. ಸಾಗರ, ಹೊಸನಗರ ಸೀಮೆಯ ಎಷ್ಟೋ ಊರುಗಳು ಮುಳುಗುತ್ತವೆಂದು ಗೊತ್ತಾಗಿತ್ತು. ಮುಳುಗುವ ಒಂದೊಂದು ಮನೆಗೂ ಬೇರೆ ಕಡೆ ಒಂದೊಂದು ನಿವೇಶನ ಎಂದು ಸರ್ಕಾರ ಹೇಳಿತು. ಹೇಳಿದ್ದೇ ತಡ, ಹೊಳೆ ದಂಡೆಯಲ್ಲಿ ಮನೆಗಳು ಅಣಬೆಯ ಹಾಗೆ ಎದ್ದವು. ನಿನ್ನೆಯವರೆಗೆ ಎಮ್ಮೆ ಕಟ್ಟುತ್ತಿದ್ದ ಕೊಟ್ಟಿಗೆಗೆ ಒಂದು ಒಲೆ ಹಾಕಿ, ಗೋಡೆಗೆ ಮಸಿ ಬಳಿದು, ‘ಇದು ನಮ್ಮ ಚಿಕ್ಕಪ್ಪನ ಸಂಸಾರ ಇರುವ ಮನೆ’ ಎಂದು ಬರೆಸತೊಡಗಿದರು. ಹುಟ್ಟದ ಚಿಕ್ಕಪ್ಪಂದಿರೆಲ್ಲ ಅರ್ಜಿಯಲ್ಲಿ ಹುಟ್ಟಿದರು. ಇವರನ್ನೆಲ್ಲ ಹಿಡಿಯಲು ನಮ್ಮಂಥ ಇಪ್ಪತ್ತೆರಡು ಜನ ತನಿಖಾ ಗುಮಾಸ್ತರನ್ನು ಆರಿಸಿ ತರಬೇತಿಗೆ ಕಳಿಸಿದ್ದರು.

ತರಬೇತಿ ನಡೆದದ್ದು ಒಂದು ಹಾಸ್ಟೆಲಿನ ಊಟದ ಮನೆಯಲ್ಲಿ. ಗೋಡೆಗೆ ಹಿಂದಿನ ದಿನದ ಸಾರಿನ ವಾಸನೆ ಅಂಟಿಕೊಂಡಿತ್ತು. ಬೋಧಕರು ಬಯಲುಸೀಮೆಯವರು, ಪೊಲೀಸ್ ಇಲಾಖೆಯಲ್ಲಿ ಬೆರಳಿನ ಗುರುತು ನೋಡುತ್ತಾ ಮೂವತ್ತು ವರ್ಷ ಕಳೆದು ನಿವೃತ್ತರಾದವರು. ಕೋಟಿನ ಜೇಬಿನಲ್ಲಿ ಮಖಮಲ್ಲಿನ ಚೀಲ, ಅದರೊಳಗೆ ಒಂದು ಭೂತಗನ್ನಡಿ. ಸಾಗರದ ಕಾರ್ತಿಕದ ಚಳಿಗೆ ಅವರಿಗೆ ನೆಗಡಿ ಹಿಡಿದು ಆರು ದಿನವೂ ಬಿಡಲಿಲ್ಲ. ಎರಡು ಸೀನಿನ ನಡುವೆ ಒಂದು ಸತ್ಯ ಹೇಳುತ್ತಿದ್ದರು. ನಾವು ಬರೆದುಕೊಳ್ಳುತ್ತಿದ್ದೆವು.

‘ಸುಳ್ಳು ಹೇಳುವವನು ಅಧಿಕಾರಿಯ ಕಣ್ಣಲ್ಲಿ ಕಣ್ಣಿಟ್ಟು ನೋಡುವುದಿಲ್ಲ, ನೆಲ ನೋಡುತ್ತಾನೆ’ ಎಂದರು. ಬರೆದುಕೊಂಡೆವು. ನಮ್ಮ ಸೀಮೆಯಲ್ಲಿ ಕೂಲಿಯವರು ಒಡೆಯರ ಎದುರು ಹುಟ್ಟಿದಾಗಿನಿಂದ ನೆಲವನ್ನೇ ನೋಡಿಕೊಂಡು ಬಂದಿದ್ದಾರೆ, ಕಣ್ಣಲ್ಲಿ ಕಣ್ಣಿಟ್ಟರೆ ಬೆನ್ನಿಗೆ ಬೀಳುತ್ತಿತ್ತು ಎಂದು ಒಬ್ಬನಾದರೂ ಎದ್ದು ಹೇಳಬೇಕಿತ್ತು. ಯಾರೂ ಹೇಳಲಿಲ್ಲ. ಹೇಳಿದ್ದರೆ ಕಾಫಿ ತಡವಾಗುತ್ತಿತ್ತು.

‘ನೆರೆಹೊರೆಯವರೆಲ್ಲ ಒಂದೇ ಮಾತು ಹೇಳಿದರೆ ಯಾರೋ ಹೇಳಿಕೊಟ್ಟಿದ್ದಾರೆ ಎಂದು ತಿಳಿಯಿರಿ. ಬೇರೆ ಬೇರೆ ಹೇಳಿದರೆ ಎಲ್ಲರೂ ಸುಳ್ಳು ಹೇಳುತ್ತಿದ್ದಾರೆ ಎಂದು ತಿಳಿಯಿರಿ’ ಎಂದರು. ಹಾಗಾದರೆ ನಿಜ ಹೇಳುವ ನೆರೆಯವನು ಹೇಗೆ ಮಾತಾಡಬೇಕು ಎಂದು ನನಗೆ ಆಗ ಹೊಳೆಯಲೇ ಇಲ್ಲ. ಅದನ್ನು ಕೆಂಪು ಶಾಯಿಯಲ್ಲಿ ಗೆರೆ ಎಳೆದು ಬರೆದುಕೊಂಡಿದ್ದೆ.

ಒಂದು ಇಡೀ ದಿನ ಕಾಗದದ ವಯಸ್ಸು ಹೇಳುವುದಕ್ಕೆ ಹೋಯಿತು. ಹೊಸ ಶಾಯಿ ನೀಲಿಯಾಗಿರುತ್ತದೆ, ದಿನ ಕಳೆದಂತೆ ಕಪ್ಪಾಗುತ್ತದೆ. ಹಳೆಯದು ಎಂದು ತೋರಿಸಲು ಜನ ಕಾಗದವನ್ನು ಒಲೆಯ ಮೇಲೆ ಹೊಗೆಗೆ ಹಿಡಿಯುತ್ತಾರೆ. ಆಗ ಅಂಚೆಲ್ಲ ಒಂದೇ ಸಮ ಕಂದುತ್ತದೆ. ನಿಜವಾಗಿ ಹಳತಾದ ಕಾಗದ ಮಡಿಕೆಯಲ್ಲಿ ಮಾತ್ರ ಕಂದುತ್ತದೆ. ಇನ್ನೊಂದು ದಿನ ವರದಿಗಳದ್ದು. ‘ಕುರ್ಚಿಯಲ್ಲಿ ಕೂತು ಬರೆದ ವರದಿಯಲ್ಲಿ ಕೆಲಸಕ್ಕೆ ಬೇಕಾದ ವಿವರ ಮಾತ್ರ ಇರುತ್ತದೆ. ಸ್ಥಳಕ್ಕೆ ಹೋಗಿ ಬರೆದದ್ದರಲ್ಲಿ ಕೆಲಸಕ್ಕೆ ಬಾರದ ಒಂದು ವಿವರ ಇದ್ದೇ ಇರುತ್ತದೆ. ಅದನ್ನು ಹುಡುಕಿ’ ಎಂದರು. ‘ಕೊಟ್ಟ ವರದಿಯನ್ನು ಆಮೇಲೆ ಬದಲಿಸಲು ಬರುವ ಗುಮಾಸ್ತ ಲಂಚ ತಿಂದಿದ್ದಾನೆ. ಬೇರೆ ಕಾರಣ ಇರುವುದಿಲ್ಲ’ ಎಂದೂ ಹೇಳಿದರು.

ಎಲ್ಲಕ್ಕಿಂತ ಮೇಲೆ ಹೆಬ್ಬೆಟ್ಟು. ಆ ಮಾತು ಬಂದಾಗ ಅವರ ನೆಗಡಿ ಕೂಡ ಐದು ನಿಮಿಷ ನಿಲ್ಲುತ್ತಿತ್ತು. ‘ಬಾಯಿ ಸುಳ್ಳು ಹೇಳುತ್ತದೆ, ಕಾಗದ ಸುಳ್ಳು ಹೇಳುತ್ತದೆ, ಸಾಕ್ಷಿ ಸುಳ್ಳು ಹೇಳುತ್ತಾನೆ. ಹೆಬ್ಬೆಟ್ಟು ಹೇಳುವುದಿಲ್ಲ. ಹುಟ್ಟುವಾಗ ಬಂದ ಗೆರೆ ಸಾಯುವವರೆಗೆ ಬದಲಾಗುವುದಿಲ್ಲ’ ಎಂದು ಭೂತಗನ್ನಡಿಯನ್ನು ಎತ್ತಿ ಹಿಡಿದರು. ಕೊನೆಯ ದಿನದ ಪರೀಕ್ಷೆಯಲ್ಲಿ ಮೂವತ್ತು ಹೆಬ್ಬೆಟ್ಟಿನ ಗುರುತುಗಳನ್ನು ಜೋಡಿ ಮಾಡಲು ಕೊಟ್ಟರು. ಮೂವತ್ತನ್ನೂ ಸರಿಯಾಗಿ ಜೋಡಿಸಿದವನು ನಾನೊಬ್ಬನೇ. ಮೊದಲ ಸ್ಥಾನ ಬಂತು, ಬಹುಮಾನವಾಗಿ ನನಗೂ ಒಂದು ಭೂತಗನ್ನಡಿ ಕೊಟ್ಟರು. ಅದನ್ನು ಜೇಬಿನಲ್ಲಿಟ್ಟುಕೊಂಡು ಸಾಗರದ ಪೇಟೆಯಲ್ಲಿ ನಡೆಯುವಾಗ ಎದುರಿಗೆ ಬಂದವರೆಲ್ಲ ನನಗೆ ಕಳ್ಳರ ಹಾಗೆಯೇ ಕಂಡರು.

ಮೊದಲ ತಿಂಗಳು ನಾನು ಯಾರನ್ನು ಹಿಡಿದೆ ಎಂದು ಕೇಳಬೇಡಿ. ಯಾರನ್ನು ಬಿಟ್ಟೆ ಎಂದು ಬೇಕಾದರೆ ಹೇಳುತ್ತೇನೆ. ಹೊಸನಗರದ ಕಡೆ ಒಬ್ಬರು ದೊಡ್ಡ ಜಮೀನುದಾರರಿದ್ದರು. ಮೂರು ಕೊಟ್ಟಿಗೆಗಳನ್ನು ಮೂರು ಮನೆ ಮಾಡಿ ಅರ್ಜಿ ಹಾಕಿದ್ದರು. ನನ್ನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದರು. ಅವರ ಸಹಿ ಮುತ್ತು ಪೋಣಿಸಿದ ಹಾಗೆ ಇತ್ತು. ನಾಲ್ಕು ಕಡೆ ಹಾಕಿದ್ದರೂ ಒಂದು ಸೊಟ್ಟ ಇಲ್ಲ. ನೆರೆಹೊರೆಯವರು ಅರ್ಧ ಒಂದು, ಅರ್ಧ ಇನ್ನೊಂದು ಹೇಳಿದರು. ಅಂದರೆ ನೆರೆಹೊರೆಯವರೇ ಸುಳ್ಳರು. ಮನೆಯಲ್ಲಿ ನನಗೆ ಹಲಸಿನ ಹಪ್ಪಳ, ಕಾಫಿ ಕೊಟ್ಟರು. ನಾನು ಕಲಿತ ಎಲ್ಲ ಪರೀಕ್ಷೆಗಳಲ್ಲೂ ಅವರು ಪಾಸಾದರು. ಮೂರೂ ಮನೆಗೆ ‘ಸರಿಯಾಗಿದೆ’ ಎಂದು ಬರೆದೆ.

ಆ ಹೆಂಗಸು ನನ್ನ ಮೇಜಿನ ಎದುರು ಬಂದದ್ದು ಪುಷ್ಯ ಮಾಸದಲ್ಲಿ, ಹೊಸನಗರದ ಒಂದು ಸರ್ಕಾರಿ ಕಟ್ಟಡದ ಜಗಲಿಯಲ್ಲಿ. ನಲವತ್ತು ದಾಟಿದ ವಿಧವೆ, ಮಕ್ಕಳಿಲ್ಲ. ಹೊಳೆ ದಂಡೆಯ ಒಂದು ಊರಿನಲ್ಲಿ ಎರಡಂಕಣದ ಸೋಗೆ ಮನೆ. ಮಳೆಗಾಲದಲ್ಲಿ ಗದ್ದೆ ಕೆಲಸ, ಆಮೇಲೆ ಅಡಿಕೆ ಕೊಯ್ಲಿನ ಮೂರು ನಾಲ್ಕು ತಿಂಗಳು ತೋಟದವರ ಅಂಗಳದಲ್ಲಿ ಕೂತು ಅಡಿಕೆ ಸುಲಿಯುವ ಕೆಲಸ. ಅವಳ ಅರ್ಜಿಯ ಮೇಲೆ ಹಿಂದಿನ ಆಷಾಢದಲ್ಲಿ, ಮನೆಗಳ ಪಟ್ಟಿ ಮಾಡುವಾಗ ಒತ್ತಿದ ಹೆಬ್ಬೆಟ್ಟಿತ್ತು. ಒಂದೊಂದು ಗೆರೆಯೂ ಎಣಿಸುವ ಹಾಗೆ ಇತ್ತು. ಈಗ ನನ್ನ ಎದುರು ಅವಳೇ ಬಂದು ಇನ್ನೊಮ್ಮೆ ಒತ್ತಬೇಕು, ಎರಡೂ ತಾಳೆಯಾದರೆ ನಿವೇಶನದ ಪಟ್ಟಿಗೆ ಹೆಸರು ಹೋಗುತ್ತದೆ. ತಾಳೆಯಾಗದಿದ್ದರೆ ನೀರು ಬಂದ ದಿನ ಅವಳಿಗೆ ನೀರೇ ಗತಿ.

ಒತ್ತಿದಳು. ಕಾಗದದ ಮೇಲೆ ಒಂದು ಕಪ್ಪು ಮುದ್ದೆ ಬಿತ್ತು. ಮತ್ತೆ ಒತ್ತಿಸಿದೆ. ಮತ್ತೆ ಮುದ್ದೆ. ನಡುವೆ ಎರಡು ಅಡ್ಡ ಬಿಳಿ ಗೀಟು, ಗೆರೆಯ ಹೆಸರಿಲ್ಲ. ಭೂತಗನ್ನಡಿ ತೆಗೆದೆ. ಜಗಲಿಯಲ್ಲಿ ಕೂತಿದ್ದ ಜನವೆಲ್ಲ ಕತ್ತು ಉದ್ದ ಮಾಡಿ ನೋಡುತ್ತಿದ್ದರು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದೆ.

“ಇದು ಯಾರ ಹೆಬ್ಬೆಟ್ಟು?” ಎಂದು ಅರ್ಜಿ ತೋರಿಸಿ ಕೇಳಿದೆ.

“ನಂದೇ ಅಯ್ಯಾ.”

“ಇದು?”

“ಅದೂ ನಂದೇ.”

“ಎರಡೂ ಒಂದೇ ಅಲ್ಲವಲ್ಲ?”

ಅವಳು ನೆಲ ನೋಡಿದಳು. “ನಂಗೆಂತ ಗೊತ್ತು ಅಯ್ಯಾ? ನಾ ಒಬ್ಳೇ ಇರೂದು” ಎಂದಳು.

ಅವಳ ಊರಿನಿಂದ ಬಂದಿದ್ದ ಐದು ಜನರನ್ನು ಬೇರೆ ಬೇರೆಯಾಗಿ ಕರೆದು ಕೇಳಿದೆ. ಐವರೂ ಅವಳೇ ಅವಳು ಎಂದರು. ಐವರೂ ಒಂದೇ ಮಾತು! ನನ್ನ ಎದೆ ಉಬ್ಬಿತು. ಕೆಂಪು ಗೆರೆ ಎಳೆದು ಬರೆದುಕೊಂಡಿದ್ದ ಪಾಠ ಕಣ್ಣೆದುರು ನಡೆಯುತ್ತಿತ್ತು. ನಿಜವಾದ ಅರ್ಜಿದಾರಳು ಎಲ್ಲೋ ಹೋಗಿದ್ದಾಳೆ, ಇಲ್ಲವೇ ಸತ್ತಿದ್ದಾಳೆ. ಇವಳು ಅವಳ ಹೆಸರಿನಲ್ಲಿ ಬಂದಿದ್ದಾಳೆ. ಊರಿಗೆ ಊರೇ ಇದರಲ್ಲಿ ಸೇರಿದೆ. ‘ಹೆಬ್ಬೆಟ್ಟು ತಾಳೆಯಾಗುವುದಿಲ್ಲ. ಬೇರೊಬ್ಬರ ಹೆಸರಿನಲ್ಲಿ ಹಾಜರಾದ ಪ್ರಕರಣ’ ಎಂದು ದುಂಡಗೆ ಬರೆದು ಸಹಿ ಹಾಕಿದೆ. ನನ್ನ ಮೊದಲ ಬೇಟೆ ಅದು.

ನಿಯಮದ ಪ್ರಕಾರ ಅದೇ ದಿನ ಅವಳ ಮನೆಗೆ ಹೋಗಿ ಸ್ಥಳ ತನಿಖೆ ಮಾಡಬೇಕಿತ್ತು. ಬಸ್ಸು ಇಳಿದು ನಾಲ್ಕು ಮೈಲಿ ನಡೆಯಬೇಕು. ಹೆಬ್ಬೆಟ್ಟೇ ಇಷ್ಟು ಸ್ಪಷ್ಟವಾಗಿ ಮಾತಾಡಿದ ಮೇಲೆ ಮನೆಯನ್ನು ಏನು ಕೇಳುವುದು? ಪೇಟೆಯ ಹೋಟೆಲಿನಲ್ಲಿ ಬಿಸಿ ಗೋಳಿಬಜೆ ತಿಂದೆ. ಸಂಜೆ ಪ್ರವಾಸದ ಡೈರಿಯಲ್ಲಿ ‘ಸ್ಥಳ ತನಿಖೆ ಮಾಡಲಾಯಿತು’ ಎಂದು ಬರೆದೆ. ಇದನ್ನು ಮೋಸ ಎಂದು ತರಬೇತಿಯಲ್ಲಿ ಯಾರೂ ಹೇಳಿರಲಿಲ್ಲ. ಎಲ್ಲರೂ ಹಾಗೆಯೇ ಬರೆಯುತ್ತಿದ್ದರು.

ಆ ಭಾನುವಾರ ತೀರ್ಥಹಳ್ಳಿಯ ಹತ್ತಿರ ನಮ್ಮ ಮನೆಗೆ ಹೋದೆ. ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತು, ತೋಟ ಗದ್ದೆ ಎಲ್ಲ ಅಮ್ಮನ ಸುಪರ್ದಿಯಲ್ಲಿತ್ತು. ನಮ್ಮಲ್ಲೂ ಕೊಯ್ಲು ನಡೆದಿತ್ತು. ಅಂಗಳದ ಚಪ್ಪರದಡಿ ಏಳೆಂಟು ಹೆಂಗಸರು ಮೆಟ್ಟುಗತ್ತಿಯ ಹಲಗೆಯ ಮೇಲೆ ಕಾಲಿಟ್ಟು ಕೂತು ಹಸಿ ಅಡಿಕೆ ಸುಲಿಯುತ್ತಿದ್ದರು. ಅವರ ನಡುವೆ ಅಮ್ಮನೂ ಕೂತಿದ್ದಳು. ಹೊರಗಿನವರು ನಂಬಲಿಕ್ಕಿಲ್ಲ, ನಮ್ಮ ಕಡೆ ಮನೆಯ ಯಜಮಾನಿಯೂ ಸುಲಿಯಲು ಕೂರುವುದುಂಟು. ಕೂತರೇನೇ ಉಳಿದವರ ಕೈ ಬೇಗ ಓಡುತ್ತದೆ ಎಂದು ಅಮ್ಮನ ಲೆಕ್ಕ.

ನಾನು ಜಗಲಿಯ ಮೇಲೆ ಕಾಲು ಚಾಚಿ ನನ್ನ ಬೇಟೆಯ ಕಥೆ ಹೇಳಿದೆ. ಮುದ್ದೆಯಾದ ಹೆಬ್ಬೆಟ್ಟು, ಅಡ್ಡ ಗೀಟು, ಒಂದೇ ಬಾಯಿಯ ಐದು ಸಾಕ್ಷಿ, ಎಲ್ಲ ಬಣ್ಣ ಕಟ್ಟಿ ಹೇಳಿದೆ. ಸುಲಿಯುವವರ ಕೈ ನಿಧಾನವಾಯಿತು. ಒಬ್ಬಳು ಇನ್ನೊಬ್ಬಳ ಮುಖ ನೋಡಿದಳು.

ಅಮ್ಮ ಕೇಳಿದಳು, “ಆ ಹೆಂಗ್ಸು ಎಂತ ಕೆಲ್ಸ ಮಾಡೂದು?”

“ಅಡಿಕೆ ಸುಲಿಯೋದು.”

“ಈಗ ಎಂತ ತಿಂಗ್ಳು?”

“ಪುಷ್ಯ. ಯಾಕೆ?”

ಅಮ್ಮ ಎದ್ದು ಬಂದು ಬಲಗೈ ಹೆಬ್ಬೆಟ್ಟನ್ನು ನನ್ನ ಮೂಗಿನ ತುದಿಗೆ ಹಿಡಿದಳು. ಹಸಿ ಅಡಿಕೆಯ ರಸ, ಆ ಚೊಗರು ಹತ್ತಿ ಕಾಡಿಗೆಯಷ್ಟು ಕಪ್ಪಾಗಿತ್ತು. ಸಿಪ್ಪೆ ಎಳೆದು ಎಳೆದು ಚರ್ಮ ಸವೆದು ನುಣ್ಣಗಾಗಿತ್ತು. ಕತ್ತಿ ತಾಗಿದ ಎರಡು ಅಡ್ಡ ಗಾಯ ಒಣಗಿದ್ದವು.

“ಓದೋ ಮಾರಾಯ, ಇದ್ರಲ್ಲಿ ಎಂತ ಬರ್ದದೆ ಅಂತ” ಎಂದಳು.

ನನ್ನ ಚೀಲದಲ್ಲಿ ಶಾಯಿಯ ಪ್ಯಾಡು ಇತ್ತು. ಅಮ್ಮನ ಹೆಬ್ಬೆಟ್ಟನ್ನು ಕಾಗದದ ಮೇಲೆ ಒತ್ತಿಸಿದೆ. ಒಂದು ಕಪ್ಪು ಮುದ್ದೆ, ಎರಡು ಅಡ್ಡ ಗೀಟು. ಒಳಗೆ ಹೋಗಿ ಪೆಟ್ಟಿಗೆಯಿಂದ ಪಾಲುಪಟ್ಟಿ ತಂದೆ. ಅಪ್ಪ ತೀರಿಕೊಂಡ ವರ್ಷ ಶ್ರಾವಣದಲ್ಲಿ ಅಮ್ಮ ಅದಕ್ಕೆ ಹೆಬ್ಬೆಟ್ಟು ಒತ್ತಿದ್ದಳು. ಅದರಲ್ಲಿ ಗೆರೆಗಳು ಬಾವಿಯ ನೀರಿಗೆ ಕಲ್ಲು ಹಾಕಿದಾಗ ಏಳುವ ಸುತ್ತುಗಳ ಹಾಗೆ ಚೆಂದಾಗಿದ್ದವು. ಎರಡನ್ನೂ ಅಕ್ಕಪಕ್ಕ ಇಟ್ಟು ಭೂತಗನ್ನಡಿಯಲ್ಲಿ ನೋಡಿದೆ. ಮೊದಲ ಸ್ಥಾನ ಪಡೆದ ನನ್ನ ಕಣ್ಣಿಗೆ ಅನುಮಾನವೇ ಉಳಿಯಲಿಲ್ಲ. ತರಬೇತಿಯ ಪ್ರಕಾರ ನನ್ನನ್ನು ಹೆತ್ತವಳು ಬೇರೆ ಯಾರೋ. ಈಕೆ ಅವಳ ಹೆಸರಿನಲ್ಲಿ ಹಾಜರಾಗಿ ಆರು ವರ್ಷದಿಂದ ನಮ್ಮ ತೋಟ ನೋಡಿಕೊಳ್ಳುತ್ತಿದ್ದಾಳೆ.

“ಮಳೆಗಾಲ ಬಂದ್ರೆ ಹೊಸ ಚರ್ಮ ಬರ್ತದೆ, ಗೆರೆನೂ ಬರ್ತದೆ” ಎಂದಳು ಅಮ್ಮ. “ಇಷ್ಟ್ ವರ್ಷ ಈ ಕೈಯಲ್ಲೇ ಅಲ್ದೇನಾ ನೀನು ಉಂಡಿದ್ದು? ಒಂದ್ ದಿನನೂ ನೋಡ್ಲಿಲ್ವಾ?”

ನೋಡಿರಲಿಲ್ಲ. ಅಮ್ಮನದನ್ನೂ ನೋಡಿರಲಿಲ್ಲ, ನಮ್ಮ ಅಂಗಳಕ್ಕೆ ಪ್ರತಿ ವರ್ಷ ಬರುತ್ತಿದ್ದ ಆ ಹೆಂಗಸರದ್ದಂತೂ ಇಲ್ಲವೇ ಇಲ್ಲ. ಬಯಲುಸೀಮೆಯ ಬೋಧಕರಿಗೆ ಗೊತ್ತಿಲ್ಲದಿದ್ದರೆ ಅದು ಅವರ ತಪ್ಪಲ್ಲ. ಅಡಿಕೆ ಮನೆಯಲ್ಲಿ ಹುಟ್ಟಿ ಬೆಳೆದು, ಆರು ದಿನದ ಉಪ್ಪಿಟ್ಟಿಗೆ ಕಂಡದ್ದನ್ನೆಲ್ಲ ಮರೆತವನು ನಾನು. ಆ ಹೊತ್ತು ಅಂಗಳದಲ್ಲಿ ಕೂತವರ ಎದುರು ನನಗೆ ಮುಖ ಎತ್ತಲಾಗಲಿಲ್ಲ. ನಾನು ನೆಲ ನೋಡುತ್ತಿದ್ದೆ.

ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಸಾಗರಕ್ಕೆ ಹೋಗಿ ನಮ್ಮ ಕಚೇರಿಯ ಸಾಹೇಬರ ಎದುರು ನಿಂತೆ. ವರದಿ ತಪ್ಪಾಗಿದೆ, ಬದಲಿಸಬೇಕು ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಸಾಹೇಬರೂ ಅದೇ ತರಬೇತಿಯ ಸಮಾರೋಪಕ್ಕೆ ಬಂದು ಭಾಷಣ ಮಾಡಿದ್ದರು.

“ವರದಿ ಬದಲಿಸೋಕೆ ಬರೋ ಗುಮಾಸ್ತನ ಬಗ್ಗೆ ಏನು ಹೇಳಿಕೊಟ್ಟಿದ್ದರು ನಿಮಗೆ?” ಎಂದರು.

ಅಡಿಕೆ, ಚೊಗರು, ಮೆಟ್ಟುಗತ್ತಿ, ಅಮ್ಮನ ಪಾಲುಪಟ್ಟಿ, ಎಲ್ಲ ಹೇಳಿದೆ. ಪಾಲುಪಟ್ಟಿಯನ್ನೂ ಅಮ್ಮ ಈಗ ಒತ್ತಿದ ಕಾಗದವನ್ನೂ ತೋರಿಸಿದೆ. ಅವರು ಎರಡೂ ಗುರುತು ನೋಡಿ, “ನಿಮ್ಮ ತಾಯಿಯ ಆಸ್ತಿ ಪತ್ರದಲ್ಲೂ ಏನೋ ತೊಡಕಿದೆ ಅನ್ನಿ” ಎಂದರು. ತಮಾಷೆಗೆ ಹೇಳಿದರೋ ನಿಜಕ್ಕೋ ನನಗೆ ಇವತ್ತಿಗೂ ತಿಳಿದಿಲ್ಲ. ಕೊನೆಗೆ ನನ್ನ ಮುಖ ನೋಡಲಾಗದೆ ಒಂದು ದಾರಿ ತೋರಿಸಿದರು. ವರದಿ ಇದ್ದ ಹಾಗೇ ಇರಲಿ, ಆ ಹೆಂಗಸಿನ ಬೆರಳಿಗೆ ಗೆರೆ ವಾಪಸು ಬಂದಾಗ ಬಂದು ಒತ್ತಲಿ, ಆಗ ನೋಡೋಣ.

ಅದನ್ನು ಅವಳಿಗೆ ಹೇಳಲು ಹೊಸನಗರಕ್ಕೆ ಹೋದೆ. ಅವಳು ಸುಲಿಯುತ್ತಿದ್ದ ತೋಟ ಪೇಟೆಯ ಹತ್ತಿರವೇ ಇತ್ತು. ಕೆಲಸದ ನಡುವೆ ಎದ್ದು ಬಂದಳು.

“ಒಂದು ತಿಂಗಳು ಸುಲಿಯೋದು ಬಿಡಮ್ಮ. ಬೆರಳು ಸರಿ ಹೋಗುತ್ತೆ. ಆಮೇಲೆ ಬಂದು ಒತ್ತು” ಎಂದೆ.

ಅವಳು ಮೊದಲ ಸಲ ನನ್ನ ಮುಖ ನೋಡಿದಳು. “ಸುಲಿಯೂದು ಬಿಟ್ಟು ಹೊಟ್ಟೆಗೆಂತ ಹಾಕ್ಲಿ ಅಯ್ಯಾ? ಈ ಮೂರ್ ತಿಂಗ್ಳಲ್ಲಿ ದುಡ್ದಿದ್ದನ್ನೇ ಅಲ್ದಾ ಮಳೆಗಾಲಕ್ಕೆ ಉಣ್ಣೂದು?” ಎಂದಳು. “ನಾ ನಾನೇ ಅಂತ ಹೇಳೂಕೆ ನನ್ ಕೆಲ್ಸ ಬಿಡ್ಬೇಕಾ?” ಎಂದು ಕೇಳಿದಳು. ಕೇಳಿ ಮೆಟ್ಟುಗತ್ತಿಗೆ ವಾಪಸು ಹೋದಳು.

ಅವಳು ಸುಲಿಯುವುದನ್ನು ಬಿಡಲಿಲ್ಲ, ಬಿಡುವ ಹಾಗೂ ಇರಲಿಲ್ಲ. ಕೊಯ್ಲು ಮುಗಿದು ಯುಗಾದಿಯ ಹೊತ್ತಿಗೆ ಬೆರಳು ಸ್ವಲ್ಪ ಸುಧಾರಿಸಿರಬೇಕು. ಅಷ್ಟರಲ್ಲಿ ಸಾಹೇಬರಿಗೆ ವರ್ಗವಾಯಿತು. ಹೊಸಬರು ಬರುವವರೆಗೆ ಕಡತ ಮುಟ್ಟಬಾರದು ಎಂದರು ಮೇಲಿನವರು. ಹೊಸಬರು ಬಂದರು, ಅವರ ಸಾಮಾನು ಬರಬೇಕಿತ್ತು. ಸಾಮಾನು ಬಂತು, ಮಳೆಯೂ ಬಂತು.

ಆ ವರ್ಷ ಆರಿದ್ರಾ ಮಳೆ ಹಿಡಿದದ್ದು ಪುನರ್ವಸುವಿಗೂ ಬಿಡಲಿಲ್ಲ. ಅಣೆಕಟ್ಟೆಯ ಹಿಂದೆ ನೀರು ನಿಲ್ಲತೊಡಗಿತು. ಹೊಳೆ ದಂಡೆಯ ಊರುಗಳಿಂದ ಜನ ಹಂಚು, ಬಾಗಿಲು, ಒರಳುಕಲ್ಲು, ಕೋಳಿ ಎಲ್ಲ ಗಾಡಿಗೆ ಏರಿಸಿಕೊಂಡು ಹೊರಟರು. ಪಟ್ಟಿಯಲ್ಲಿ ಹೆಸರಿದ್ದವರು ತಮ್ಮ ನಿವೇಶನಕ್ಕೆ ಹೋದರು. ಮೂರು ಕೊಟ್ಟಿಗೆಯ ಜಮೀನುದಾರರು ಮೂರು ನಿವೇಶನಕ್ಕೆ ಹೋದರು. ಇವಳು ಒಂದು ಗಂಟು ಹೊತ್ತುಕೊಂಡು ಹೊಸನಗರದ ಹತ್ತಿರ ಯಾರದೋ ಕೊಟ್ಟಿಗೆಯಲ್ಲಿ, ಎಮ್ಮೆಗಳ ಪಕ್ಕದಲ್ಲಿ ಉಳಿದಳು.

ಶ್ರಾವಣದ ಒಂದು ಬೆಳಿಗ್ಗೆ ಕಂಬಳಿಕೊಪ್ಪೆ ಹಾಕಿಕೊಂಡು ಸಾಗರದ ಕಚೇರಿಗೆ ಬಂದಳು. ಹೆಬ್ಬೆಟ್ಟನ್ನು ಮುಂದೆ ಚಾಚಿದಳು. ಗೆರೆ ಬಂದಿತ್ತು. ಹೊಸ ಸಾಹೇಬರ ಎದುರೇ ಒತ್ತಿಸಿದೆ. ಅರ್ಜಿಯ ಗುರುತಿಗೂ ಇದಕ್ಕೂ ಒಂದು ಎಳೆಯೂ ವ್ಯತ್ಯಾಸವಿರಲಿಲ್ಲ. ಸಾಹೇಬರೇ ಭೂತಗನ್ನಡಿ ಹಿಡಿದು ನೋಡಿ ತಲೆಯಾಡಿಸಿದರು. ನನಗೆ ಅಳು ಬರುವಷ್ಟು ಸಂತೋಷವಾಯಿತು.

ಅವರು ಕಡತದ ಹಾಳೆ ಮಗುಚುತ್ತಾ, “ಅರ್ಜಿದಾರಳು ಇವಳೇ, ಸರಿ. ಮನೆ ಇತ್ತು ಅನ್ನೋದಕ್ಕೆ ಆಧಾರ ಎಲ್ಲಿ? ಸ್ಥಳ ತನಿಖೆಯ ವರದಿ ಇದರಲ್ಲಿ ಇಲ್ಲವಲ್ಲ” ಎಂದರು. “ನಿಮ್ಮ ಡೈರಿಯಲ್ಲಿ ಪುಷ್ಯದಲ್ಲೇ ಹೋಗಿ ಬಂದ ಹಾಗೆ ಬರೆದಿದೆ. ವರದಿ ಏನಾಯಿತು? ಇಲ್ಲದಿದ್ದರೆ ನಾಳೆ ಹೋಗಿ ನೋಡಿಕೊಂಡು ಬನ್ನಿ.”

ನಾಳೆ ಹೋಗಿ ನೋಡಲು ಅಲ್ಲಿ ನೀರಿತ್ತು. ಅವಳ ಬೆರಳಿಗೆ ಗೆರೆ ತಂದುಕೊಟ್ಟ ಮಳೆಯೇ ಅವಳ ಮನೆಯ ಮೇಲೆ ನಿಂತಿತ್ತು. ಗೋಳಿಬಜೆಯ ದಿನ ನಾಲ್ಕು ಮೈಲಿ ನಡೆದಿದ್ದರೆ ಆ ವರದಿ ಕಡತದಲ್ಲಿರುತ್ತಿತ್ತು.

“ವರದಿ ಇದೆ ಸಾರ್. ಕಡತಕ್ಕೆ ಸೇರಿಸುವುದು ಬಿಟ್ಟುಹೋಗಿದೆ. ಮನೆಯಲ್ಲಿ ಉಳಿದಿದೆ. ತರುತ್ತೇನೆ” ಎಂದೆ. ಅವರ ಕಣ್ಣಲ್ಲಿ ಕಣ್ಣಿಟ್ಟು ಹೇಳಿದೆ.

ಹೊರಗೆ ಜಗಲಿಯಲ್ಲಿ ಅವಳನ್ನು ಕೂರಿಸಿ, ಎದುರಿಗೆ ನಾನೂ ಕೂತು, “ನಿನ್ನ ಮನೆ ಹೇಗಿತ್ತು ಹೇಳಮ್ಮ” ಎಂದು ಕೇಳಿದೆ.

“ಯಾಕಯ್ಯಾ ಈಗ? ಅದು ಹೋತಲ್ಲ.”

“ಹೇಳು. ನಾನು ನೋಡಬೇಕಿತ್ತು, ನೋಡಲಿಲ್ಲ.”

ಅವಳು ಹೇಳಿದಳು. ಎರಡಂಕಣ. ಮೂರು ಮೆಟ್ಟಿಲು, ನಡುವಿನದು ಒಡೆದದ್ದು. ಒಲೆಯ ಪಕ್ಕದ ಗೋಡೆಯಲ್ಲಿ ಬೆಕ್ಕು ಬಂದುಹೋಗುವಷ್ಟು ತೂತು. ಗಂಡ ಹಲಸಿನ ಮರದಲ್ಲಿ ತಾನೇ ಮಾಡಿದ ಬಾಗಿಲ ಚೌಕಟ್ಟು.

“ಬಾಗ್ಲು ತಗ್ಗು ಅಯ್ಯಾ. ನಾನೇ ಬಗ್ಗಿ ಒಳಗೆ ಹೋಗೂದು. ನಿಮ್ಮಂತ ಉದ್ದದೋರಾದ್ರೆ ಸೊಂಟ ಮುರ್ಕಣ್ಬೇಕು. ಬಗ್ಗುವಾಗ ಬಲಗೈ ಆ ಚೌಕಟ್ಟಿಗೆ ಕೊಡ್ತಿದ್ದೆ. ಸುಲ್ದು ಬಂದ ಕೈ ಅಲ್ದಾ, ಚೊಗ್ರು ಹತ್ತಿ ಹತ್ತಿ ಹೆಬ್ಬೆಟ್ಟಿನ ಕಲೆ ಸಾಲಾಗಿ ಕೂತಿತ್ತು. ಕೊಯ್ಲು ಶುರುವಲ್ಲಿ ಒತ್ತಿದ್ದು ಗೆರೆಗೆರೆ ಕಾಣ್ತಿತ್ತು. ಆಮೇಲಿಂದು ಬರೀ ಕಪ್ಪು. ಸುಮಾರ್ ವರ್ಷದ್ದು ಇತ್ತು” ಎಂದಳು.

ಆರು ದಿನ ತರಬೇತಿ ಪಡೆದು ಭೂತಗನ್ನಡಿಯಲ್ಲಿ ಹುಡುಕಿದ ಸಾಕ್ಷಿ ಪುಷ್ಯದಲ್ಲಿ ಆ ಬಾಗಿಲಲ್ಲೇ ಇತ್ತು. ಗೆರೆ ಇದ್ದ ಹೆಬ್ಬೆಟ್ಟು, ಗೆರೆ ಸವೆದ ಹೆಬ್ಬೆಟ್ಟು, ಎರಡೂ ಒಂದೇ ಕೈಯದು ಎಂದು ಸಾಲಾಗಿ ಬರೆದಿಟ್ಟಿತ್ತು. ನೋಡಲು ಯಾವ ಕನ್ನಡಿಯೂ ಬೇಕಿರಲಿಲ್ಲ.

ಆಮೇಲೆ ನಾನು ಮಾಡಿದ್ದನ್ನು ನಾಚಿಕೆಯಿಲ್ಲದೆ ಹೇಳುತ್ತೇನೆ. ಕಚೇರಿಯ ಹಳೆಯ ದೌತಿಯ ತಳದಲ್ಲಿ ಗಟ್ಟಿಯಾಗಿದ್ದ ಕಪ್ಪು ಶಾಯಿ ತೆಗೆದು, ಪುಷ್ಯದ ತಾರೀಖು ಹಾಕಿ ವರದಿ ಬರೆದೆ. ನಾಲ್ಕು ಮಡಿಕೆ ಮಾಡಿ ಎರಡು ದಿನ ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಬಾಡಿಗೆ ಕೋಣೆಯ ಒಲೆಯ ಹೊಗೆಗೆ ಹಿಡಿದೆ, ಅಂಚು ಕಂದದ ಹಾಗೆ ಮಡಿಕೆಯನ್ನು ಮಾತ್ರ. ಕೆಲಸಕ್ಕೆ ಬಾರದ ಒಂದು ವಿವರ ಇರಲಿ ಎಂದು ಬೆಕ್ಕಿನ ತೂತನ್ನು ಸೇರಿಸಿದೆ. ಬಾಗಿಲಿನ ಕಲೆಗಳನ್ನೂ ಸೇರಿಸಿದೆ. ‘ಬಾಗಿಲು ಬಹಳ ತಗ್ಗು. ನಾನು ಬಗ್ಗಿ ಒಳಗೆ ಹೋದೆ’ ಎಂದು ಬರೆದೆ. ಅವಳು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ‘ನಾನು’ ಎಂದು ಶುರುವಾದ ವಾಕ್ಯಗಳಷ್ಟೇ ಸುಳ್ಳು.

ಹೊಸ ಸಾಹೇಬರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು, ಮಡಿಕೆ ಮುಟ್ಟಿ ನೋಡಿದರು, ಕಡತಕ್ಕೆ ಸೇರಿಸಿದರು. ನವರಾತ್ರಿಗೆ ಮೊದಲು ಅವಳಿಗೆ ನಿವೇಶನ ಮಂಜೂರಾಯಿತು. ಆದೇಶದ ಕಾಗದ ಕೊಡಲು ನಾನೇ ಹೋದೆ. ಅವಳು ಅದನ್ನು ತೆಗೆದುಕೊಳ್ಳುವ ಮೊದಲು ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿಕೊಂಡಳು. “ಈಗ್ಲೇ ಒತ್ತಿಸ್ಕಣಿ ಅಯ್ಯಾ, ಇನ್ನೊಂದ್ ತಿಂಗ್ಳಿಗೆ ಕೊಯ್ಲು ಶುರು” ಎಂದಳು.

ಕಾರ್ತಿಕದಲ್ಲಿ ತೀರ್ಥಹಳ್ಳಿಯಲ್ಲಿ ಎರಡನೆಯ ತರಬೇತಿ ಏರ್ಪಾಡಾಯಿತು. ಬೋಧಕರು ಅವರೇ, ಕೋಟು ಅದೇ, ನೆಗಡಿಯೂ ಅದೇ. ಹಿಂದಿನ ಸಲ ಮೊದಲ ಸ್ಥಾನ ಪಡೆದವನೆಂದು ನನ್ನನ್ನು ಹಿಂದಿನ ಬೆಂಚಿನಲ್ಲಿ ಅತಿಥಿಯಾಗಿ ಕೂರಿಸಿದ್ದರು. ಸುಲಿಯುವವರ ಹೆಬ್ಬೆಟ್ಟಿನ ವಿಷಯ ಕಾಫಿಯ ಬಿಡುವಿನಲ್ಲಿ ಅವರಿಗೆ ಹೇಳಿದೆ. “ಹಾಗೂ ಉಂಟೇ?” ಎಂದು ಆಶ್ಚರ್ಯಪಟ್ಟರು. ಮಧ್ಯಾಹ್ನದ ಪಾಠದಲ್ಲಿ ಹೆಬ್ಬೆಟ್ಟು ಸುಳ್ಳು ಹೇಳುವುದಿಲ್ಲ ಎಂದು ಮತ್ತೆ ಹೇಳಿದರು. ಮೂವತ್ತು ವರ್ಷದ ಅಭ್ಯಾಸ, ಒಂದು ಕಾಫಿಗೆ ಹೋಗುವುದಿಲ್ಲ.

ವರದಿಗಳ ದಿನ ಅವರು ಒಂದು ಹಾಳೆ ತೆಗೆದರು. ಮಡಿಕೆ ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು. ಒಳ್ಳೆಯ ವರದಿಗೆ ಮಾದರಿ ಬೇಕೆಂದು ಕೇಳಿ ನಮ್ಮ ಕಚೇರಿಯಿಂದ ತರಿಸಿಕೊಂಡಿದ್ದರಂತೆ.

“ಇದನ್ನು ಬರೆದವರು ಇಲ್ಲೇ ಇದ್ದಾರೆ” ಎಂದು ನನ್ನ ಕಡೆ ಕೈ ತೋರಿಸಿ ಓದತೊಡಗಿದರು. ಒಡೆದ ಮೆಟ್ಟಿಲು ಓದಿದರು, ಬೆಕ್ಕಿನ ತೂತು ಓದಿದರು. ಬಾಗಿಲಿನ ಕಲೆಗಳಿಗೆ ಬಂದಾಗ ದನಿ ತಗ್ಗಿಸಿದರು. “ಕೇಳಿ, ‘ನಾನು ಬಗ್ಗಿ ಒಳಗೆ ಹೋದೆ’ ಅಂತ ಬರೆದಿದ್ದಾರೆ. ಹೋಗದವನ ಬಾಯಲ್ಲಿ ಈ ಮಾತು ಬರುತ್ತದೆಯೇ? ಕುರ್ಚಿಯಲ್ಲಿ ಕೂತು ಇದನ್ನು ಬರೆಯಲು ಸಾಧ್ಯವೇ?”

ಎಲ್ಲರೂ ತಿರುಗಿ ನನ್ನನ್ನು ನೋಡಿ ಚಪ್ಪಾಳೆ ತಟ್ಟಿದರು. ಹೊಸಬರಿಗೆ ಒಂದು ಮಾತು ಹೇಳಿ ಎಂದು ಬೋಧಕರು ಒತ್ತಾಯ ಮಾಡಿದರು. ಎದ್ದು ನಿಂತೆ. “ಮನೆಗೆ ಹೋಗಿ ನೋಡಿ” ಎಂದೆ. ಅಷ್ಟೇ ಹೇಳಿ ಕೂತೆ. ಅದನ್ನು ವಿನಯ ಎಂದುಕೊಂಡು ಎಲ್ಲರೂ ಬರೆದುಕೊಂಡರು.

ಆ ಹಾಳೆ ಆಮೇಲೆ ಎಷ್ಟು ತರಬೇತಿಗಳಲ್ಲಿ ಓಡಾಡಿತೋ ನನಗೆ ಗೊತ್ತಿಲ್ಲ. ಆ ಬಾಗಿಲು ಎಷ್ಟು ತಗ್ಗಿತ್ತು ಎಂಬುದೂ ಗೊತ್ತಿಲ್ಲ. ನಾನು ಅಲ್ಲಿ ಬಗ್ಗಲೇ ಇಲ್ಲ.